ಹಳೇ ಲ್ಯಾಪ್‌ಟಾಪು ಮತ್ತು ನಮ್ಮೂರ ಕರೆಂಟಿನ ಚರಿತ್ರೆ

ಹಳೇ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಎಲ್ಲರೂ ಮೊದಲು ಬೈಯೋದು ಬ್ಯಾಟರಿಗೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮೊದಲು ಅನುಮಾನ ಪಡಬೇಕಾದ್ದು ಗೋಡೆ ಮೇಲಿನ ಪ್ಲಗ್ಗನ್ನು. ಆ ಪ್ಲಗ್ಗಿಗೆ ಬರುವ ಕರೆಂಟು ಯಾಕೆ ಹಾಗಿರುತ್ತೆ ಅಂತ ತಿಳೀಬೇಕಾದರೆ 1948ರವರೆಗೆ ಹಿಂದೆ ಹೋಗಬೇಕು. ಒಂದು ಲ್ಯಾಪ್‌ಟಾಪ್ ರಿಪೇರಿಗೆ ಅಷ್ಟು ದೂರ ಯಾಕೆ ಅಂತೀರಾ? ಓದಿ ನೋಡಿ.

ನಾನು ಹೇಳ್ತಿರೋ ಲ್ಯಾಪ್‌ಟಾಪು ವರದಮೂಲದ ನಮ್ಮ ಅತ್ತೆಯ ಮನೆಯದು. ವರದಮೂಲ ಗೊತ್ತಿಲ್ಲದವರಿಗೆ: ಸಾಗರದಿಂದ ಇಕ್ಕೇರಿ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಪುಟ್ಟ ಊರು, ವರದಾ ನದಿ ಹುಟ್ಟುವ ಜಾಗ. ಅಲ್ಲಿ ದೇವಸ್ಥಾನದ ತೀರ್ಥದಲ್ಲಿ ಒರತೆಯಾಗಿ ಕಾಣಿಸುವ ನೀರೇ ಮುಂದೆ ಬನವಾಸಿಯನ್ನು ಬಳಸಿಕೊಂಡು ಹೋಗಿ ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತೆ. ಅತ್ತೆಯ ಗಂಡ, ನಮ್ಮ ಮಾವ, ಮೂಲದಲ್ಲಿ ವರದಮೂಲದವರಲ್ಲ. ಅವರ ಊರು ಶರಾವತಿಯ ದಂಡೆಯಲ್ಲಿ ಮಡೆನೂರು ಕಡೆ ಇತ್ತು. ಇತ್ತು ಅಂದೆ, ಯಾಕಂದ್ರೆ 1964ರಿಂದ ಅದು ಲಿಂಗನಮಕ್ಕಿಯ ನೀರಿನಡಿಗೆ ಇದೆ. ಮಾವನಿಗೆ ಆಗ ಹತ್ತೊಂಬತ್ತು ವರ್ಷ.

ಅಮೆರಿಕದಲ್ಲಿದ್ದ ಮಗ 1998ರಲ್ಲಿ ತನ್ನ ಲ್ಯಾಪ್‌ಟಾಪನ್ನು ಊರಿಗೆ ತಂದುಕೊಟ್ಟ. ಮಾವ ನಿವೃತ್ತಿಯ ಮೇಲೆ ಅದರಲ್ಲಿ ಕನ್ನಡ ಟೈಪ್ ಮಾಡೋದು ಕಲಿತು ಮುಳುಗಿದ ತಮ್ಮ ಊರಿನ ಮನೆಗಳ ಪಟ್ಟಿ ಮಾಡಿದ್ರು. ಮನೆಯ ಹೆಸರು, ಯಜಮಾನನ ಹೆಸರು, ಬಾವಿ ಇತ್ತೋ ಇಲ್ಲವೋ, ತೋಟ ಎಷ್ಟು, ಗದ್ದೆ ಎಷ್ಟು, ನೀರು ಬಂದ ಮೇಲೆ ಯಾರು ಎಲ್ಲಿಗೆ ಹೋದರು, ಎಲ್ಲ. ಅವರು ತೀರಿಕೊಂಡು ಸುಮಾರು ವರ್ಷ ಆಯ್ತು. ಲ್ಯಾಪ್‌ಟಾಪು ಅಟ್ಟ ಸೇರಿತ್ತು. ಹೋದ ವರ್ಷ ಆ ಊರಿನ ಮೂಲದ ಒಬ್ಬರು ಅತ್ತೆಯನ್ನು ಹುಡುಕಿಕೊಂಡು ಬಂದು, "ಅಮ್ಮಾ, ಯಜಮಾನ್ರು ಒಂದು ಪಟ್ಟಿ ಮಾಡಿದ್ರಂತಲ್ಲ, ಅದರಲ್ಲಿ ನಮ್ಮ ಅಜ್ಜನ ಮನೆ ಇದೆಯಾ?" ಅಂತ ಕೇಳಿದ ಮೇಲೆ ಅದು ಕೆಳಗಿಳಿಯಿತು.

ಕಂಪ್ಯೂಟರ್ ಬಲ್ಲವರು ಇಲ್ಲಿಗೇ ನನ್ನನ್ನು ತಡೆದು ಕೇಳ್ತಾರೆ, ಹಾರ್ಡ್ ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಆಗಲ್ವಾ ಅಂತ. ಆಗುತ್ತೆ, ಮೊದಲು ಮಾಡಿದ್ದೂ ಅದನ್ನೇ. ಹಳೇ ಯಂತ್ರಕ್ಕೆ ಕರೆಂಟು ಕೊಡುವ ಮೊದಲು ಡಿಸ್ಕನ್ನು ಹೊರಗೆ ತೆಗೆದು ನಕಲು ಮಾಡಿಕೊಳ್ಳಿ, ಇದರಲ್ಲಿ ಚೌಕಾಸಿ ಬೇಡ. ಕಡತವೇನೋ ಸಿಕ್ಕಿತು. ಆದರೆ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೆರೆ, ಕೊಂಬು ಇಟ್ಟ ಹಾಗೆ ಏನೇನೋ. ಯೂನಿಕೋಡಿಗಿಂತ ಮುಂಚಿನ ಕನ್ನಡ ಅಂದ್ರೆ ಅದೇ: ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ವಿಂಡೋಸ್‌ಗೆ ಅದು ಬಂದಿದ್ದು ಎಕ್ಸ್‌ಪಿ ಜೊತೆ, 2001ರಲ್ಲಿ. (ಅಂದ ಹಾಗೆ ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ'. ತೀರ್ಥಹಳ್ಳಿಯವರು ಹೆಮ್ಮೆ ಪಡಬಹುದು!) ಪರಿವರ್ತಕ ಹಾಕಿ ಯೂನಿಕೋಡಿಗೆ ತಂದರೆ ಒತ್ತಕ್ಷರಗಳು ಅಲ್ಲಲ್ಲಿ ಉದುರಿಹೋದವು. 'ಗದ್ದೆಮನೆ' ಹೋಗಿ 'ಗದೆಮನೆ' ಆಯ್ತು, ಅದನ್ನು ಊಹಿಸಬಹುದು. ಆದರೆ ಊರನ್ನು ನೋಡದವನಿಗೆ ಎಲ್ಲ ಮನೆಯ ಹೆಸರನ್ನೂ ಊಹಿಸೋಕಾಗಲ್ಲ. ಮಾವ ಬಳಸಿದ ತಂತ್ರಾಂಶವೋ, ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್ ಸಿಕ್ಕಿಸಿದರೆ ಮಾತ್ರ ತೆರೆಯುವಂಥದ್ದು. ಈಗಿನ ಯಾವ ಲ್ಯಾಪ್‌ಟಾಪಿಗೆ ಪ್ರಿಂಟರ್ ಪೋರ್ಟ್ ಇದೆ ಹೇಳಿ? ಹಾಗಾಗಿ ಆ ಯಂತ್ರವೇ ಏಳಬೇಕಿತ್ತು. ಪವರ್ ಗುಂಡಿ ಒತ್ತಿದರೆ ಒಂದು ಹಸಿರು ದೀಪ ಮಿಣುಕ್ ಅಂದು ಆರಿಹೋಗ್ತಿತ್ತು, ಅಷ್ಟೇ.

ಈಗ ಗೋಡೆಗೆ ಬರೋಣ.

ಸಾಗರ ತಾಲ್ಲೂಕಿಗೆ ಕರೆಂಟು ಹೊರಗಿನಿಂದ ಬಂದ ವಸ್ತು ಅಲ್ಲ, ಇಲ್ಲೇ ಹುಟ್ಟಿ ಹೊರಗೆ ಹೋದದ್ದು. ಜೋಗದ ಯೋಜನೆಗೆ ಶಂಕುಸ್ಥಾಪನೆ ಆಗಿದ್ದು 1939ರಲ್ಲಿ. ಮಧ್ಯೆ ಮಹಾಯುದ್ಧ ಬಂದು ಯಂತ್ರಗಳು ತಡವಾಗಿ, ಕೊನೆಗೆ 1948ರಲ್ಲಿ ವಿದ್ಯುತ್ ಬಂತು. ಮಹಾರಾಜರ ಹೆಸರಲ್ಲಿ 'ಕೃಷ್ಣರಾಜೇಂದ್ರ' ಅಂತ ಶುರುವಾದ ಕೇಂದ್ರಕ್ಕೆ ಮಹಾತ್ಮ ಗಾಂಧಿಯವರ ಹೆಸರಾಯ್ತು. 1952ರ ಹೊತ್ತಿಗೆ 120 ಮೆಗಾವ್ಯಾಟ್. ಇದಕ್ಕೆ ನೀರು ಹಿಡಿದಿಡಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರು, ಗಣೇಶ್ ಅಯ್ಯರ್ ಅನ್ನುವ ಎಂಜಿನಿಯರು ರೂಪಿಸಿದ ಸೈಫನ್‌ಗಳಿದ್ದ ಅಣೆಕಟ್ಟು. ಒಂದಷ್ಟು ಊರುಗಳು ಆಗಲೇ ಮುಳುಗಿದವು. ಆಮೇಲೆ ಅದಕ್ಕಿಂತ ಕೆಳಗೆ 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಈ ಅಣೆಕಟ್ಟೇ ಮುಳುಗಿಹೋಯ್ತು. ಅಣೆಕಟ್ಟನ್ನು ಮುಳುಗಿಸಿದ ಅಣೆಕಟ್ಟು! ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಆ ಸೈಫನ್‌ಗಳು ನೀರಿಂದ ಮೇಲೆ ಬರ್ತವೆ, ಜನ ಹೋಗಿ ಫೋಟೋ ತೆಗೆಸಿಕೊಂಡು ಬರ್ತಾರೆ.

ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಸೇರಿದರೆ 1035 ಮೆಗಾವ್ಯಾಟ್. ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾದ 1985ರವರೆಗೆ ಕರ್ನಾಟಕದ ಕರೆಂಟು ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ನೀರಿನದ್ದೇ. ಆಗುಂಬೆ, ಹುಲಿಕಲ್ಲಿನ ಕಡೆ ಮಳೆ ಕೈಕೊಟ್ಟರೆ ಬೆಂಗಳೂರಿನ ಕಾರ್ಖಾನೆಗಳಿಗೆ ಬಿಸಿ ತಟ್ಟುತ್ತಿತ್ತು. ಹೊಸನಗರ ತಾಲ್ಲೂಕಿನ ಪಾಲೂ ಸಣ್ಣದಲ್ಲ. ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ತಿರುಗಿತು. ಮಾಣಿ ಅಣೆಕಟ್ಟಿನ ನೀರು ಘಟ್ಟ ಇಳಿದು ಹೊಸಂಗಡಿಯಲ್ಲಿ ನೆಲದೊಳಗಿನ ವಾರಾಹಿ ವಿದ್ಯುದಾಗಾರ ತಿರುಗಿಸುತ್ತೆ, 460 ಮೆಗಾವ್ಯಾಟ್.

ಇಷ್ಟೆಲ್ಲ ಕರೆಂಟು ಮಾಡಿದ ಸೀಮೆಯಲ್ಲಿ ಹಿನ್ನೀರಿನ ಎಷ್ಟೋ ಹಳ್ಳಿಗಳಿಗೆ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಗತಿಯಾಗಿತ್ತು ಅನ್ನೋದು ಈ ಕಡೆಯ ಎಲ್ಲರೂ ಬಲ್ಲ ಕತೆ. ತಲೆ ಮೇಲೆ ಹೈಟೆನ್ಶನ್ ಲೈನು ಗುಂಯ್‌ಗುಡುತ್ತಾ ಹೋಗ್ತಿರುತ್ತೆ, ಕೆಳಗಿನ ಮನೆಯಲ್ಲಿ ಚಿಮಣಿ ದೀಪ. ಇದರಲ್ಲಿ ಎಂಜಿನಿಯರಿಂಗಿನ ವಿಚಾರವೂ ಒಂದಿದೆ, ಬರೀ ಅನ್ಯಾಯ ಅಂತ ಕೂಗಿದರೆ ಅದು ಮರೆತುಹೋಗುತ್ತೆ. ಲಕ್ಷಗಟ್ಟಲೆ ವೋಲ್ಟಿನ ಲೈನಿನಿಂದ ನೇರ ಒಂದು ಮನೆಗೆ ತಂತಿ ಎಳೆಯೋಕಾಗಲ್ಲ. ಸಬ್‌ಸ್ಟೇಷನ್ ಬೇಕು, ಅಲ್ಲಿಂದ ಹನ್ನೊಂದು ಸಾವಿರ ವೋಲ್ಟಿನ ಲೈನು ಬೇಕು, ಊರಿಗೊಂದು ಟಿ.ಸಿ. ಬೇಕು. ನಾಲ್ಕು ಮನೆ ಈ ಗುಡ್ಡದಲ್ಲಿ, ಮೂರು ಮನೆ ಆ ಕಣಿವೆಯಲ್ಲಿ ಇರುವ ಮಲೆನಾಡಿನಲ್ಲಿ ಇಷ್ಟಕ್ಕೆ ಆಗುವ ಖರ್ಚಿಗೆ ಬರುವ ಬಿಲ್ಲು ಏನೇನೂ ಸಾಲದು. ಹಾಗಾಗಿ ಆಮೇಲೆ ಲೈನು ಬಂದಾಗಲೂ ಬಂದಿದ್ದು ಉದ್ದುದ್ದ ಬಾಲದ ಲೈನು: ಒಂದು ಟಿ.ಸಿ., ಅದರಿಂದ ಕಾಡಿನ ನಡುವೆ ಬಹುದೂರ ಎಳೆದ ಮನೆ ತಂತಿ. ಬಾಲದ ತುದಿಯಲ್ಲಿರುವ ಮನೆಗೆ ಉಳಿದಿದ್ದು ಸಿಗುತ್ತೆ. ಸಂಜೆ ಎಲ್ಲರ ಪಂಪ್‌ಸೆಟ್ಟು ಶುರುವಾದರೆ 230 ಇರಬೇಕಾದ ಕಡೆ 140, 150. ಬಲ್ಬು ಕೆಂಡದ ಹಾಗೆ ಕಾಣೋದು. ಅದೇ ರಾತ್ರಿ ಹನ್ನೆರಡಕ್ಕೆ ಪಂಪು ಎಲ್ಲ ನಿಂತ ಮೇಲೆ ನೋಡಿದರೆ 260ಕ್ಕೂ ಮೇಲೆ!

ಇಂಥ ಕರೆಂಟಿಗೆ ಲ್ಯಾಪ್‌ಟಾಪು ಹೇಗೆ ಒಗ್ಗಿಕೊಂಡಿತು ಅನ್ನೋದು ಕುತೂಹಲದ ವಿಷಯ. ಕಡಿಮೆ ವೋಲ್ಟೇಜಿಗೆ ಅದು ಹೆದರೋದೇ ಇಲ್ಲ. ಅಡಾಪ್ಟರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತ ಬರೆದಿರುತ್ತಲ್ಲ, ಅದು ನಮಗೋಸ್ಕರ ಮಾಡಿದ್ದಲ್ಲ. ಜಪಾನಿನ 100, ಅಮೆರಿಕದ 120, ಯೂರೋಪಿನ 230 ಎಲ್ಲಕ್ಕೂ ಒಂದೇ ಅಡಾಪ್ಟರ್ ಮಾರಬೇಕು ಅಂತ ಮಾಡಿದ್ದು. ಅದರ ಲಾಭ ಮಾತ್ರ ಮಲೆನಾಡಿಗೆ ಸಿಕ್ಕಿತು. ಬರುವ ಕರೆಂಟನ್ನು ಅದು ಮೊದಲು ಡಿ.ಸಿ. ಮಾಡಿಕೊಂಡು, ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಬೇಕಾದ 19 ವೋಲ್ಟನ್ನು ಹುಟ್ಟಿಸುತ್ತೆ. ವೋಲ್ಟೇಜು ಇಳಿದರೆ ಆಂಪಿಯರ್ ಜಾಸ್ತಿ ಎಳೆದುಕೊಳ್ಳುತ್ತೆ, ಸ್ವಲ್ಪ ಬಿಸಿಯಾಗುತ್ತೆ, ಅಷ್ಟೇ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನ ಫ್ರೀಕ್ವೆನ್ಸಿ 50ರಿಂದ 48ರ ಆಸುಪಾಸಿಗೆ ಇಳಿದು ಫ್ಯಾನುಗಳು ನಿಧಾನ ಆಗ್ತಿದ್ದ ದಿನಗಳಲ್ಲೂ ಇದಕ್ಕೆ ಏನೂ ಅನಿಸ್ತಿರಲಿಲ್ಲ. ಟ್ಯೂಬ್‌ಲೈಟು ಹತ್ತದ ಮನೆಯಲ್ಲಿ ಲ್ಯಾಪ್‌ಟಾಪು ಚಾರ್ಜ್ ಆಗೋದನ್ನ ನಾನೇ ನೋಡಿದೀನಿ.

ಅದು ಸಾಯೋದು ವೋಲ್ಟೇಜು ಏರಿದಾಗ. ಸಾಗರದಲ್ಲಿ ಹಳೇ ರೇಡಿಯೋ, ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಈ ಯಂತ್ರ ತೋರಿಸಿದಾಗ ಅವರು ಹೇಳಿದ ಮೊದಲ ಮಾತು, "ಮಾರಾಯ್ರೇ, ನಮ್ಮ ಕಡೆ ಸಾಮಾನು ಸಾಯೋದು ಕರೆಂಟು ಹೋಗಿ ಅಲ್ಲ, ಕರೆಂಟು ಬಂದು."

ಲೆಕ್ಕ ನೋಡಿ. ಅಡಾಪ್ಟರಿನ ಒಳಗೆ ಕರೆಂಟು ಬಂದ ಕೂಡಲೇ ಸಿಗುವ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನದ್ದು. 230 ವೋಲ್ಟ್ ಅಂತ ನಾವು ಹೇಳೋದು ಒಂದು ಬಗೆಯ ಸರಾಸರಿ, ಅಲೆಯ ತುದಿಯಲ್ಲಿ ಅದು 325 ಇರುತ್ತೆ. ಪ್ಲಗ್ಗಿನಲ್ಲಿ 280 ಬಂದರೆ ತುದಿ 396, ಅಂದ್ರೆ ಅಂಚಿನಲ್ಲಿ. ಗಾಳಿಮಳೆಗೆ ಮರ ಬಿದ್ದು ನ್ಯೂಟ್ರಲ್ ತಂತಿ ಹರಿದರೆ ಕತೆ ಬೇರೆಯೇ. ಆಗ ಎರಡು ಫೇಸಿನ ನಡುವೆ ಸಿಕ್ಕಿಕೊಂಡ ಮನೆಗೆ 400 ವೋಲ್ಟಿನವರೆಗೂ ಬರಬಹುದು, ತುದಿ 566. ಊರಿನ ಅರ್ಧ ಮನೆಗಳ ಟಿವಿ ಒಂದೇ ಸಂಜೆ ಹೋಯ್ತು ಅಂತ ಕೇಳ್ತೀವಲ್ಲ, ಅದು ಹೆಚ್ಚಾಗಿ ಈ ನ್ಯೂಟ್ರಲ್ಲಿನ ಕೆಲಸ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು. ಕರೆಂಟಿನ ತಂತಿ ಒಂದೇ ಅಲ್ಲ, ಡಯಲ್ ಅಪ್ ಕಾಲದಲ್ಲಿ ದೂರವಾಣಿಯ ತಂತಿಯಲ್ಲೂ ಸಿಡಿಲು ಬಂದು ಮೋಡೆಮ್ಮಿನ ಮೂಲಕ ಯಂತ್ರದ ಒಳಗೇ ಹೊಕ್ಕುತ್ತಿತ್ತು. ಪ್ಲಗ್ ಕಿತ್ತು ಫೋನ್ ವೈರ್ ಬಿಟ್ಟಿದ್ರೆ ಕಿತ್ತಿದ್ದೂ ದಂಡ.

ಇಲ್ಲಿ ಸ್ಟೆಬಿಲೈಸರ್ ಬಗ್ಗೆ ನನ್ನದೊಂದು ತಕರಾರು ಇದೆ. ಎಲ್ಲರ ಮನೆಯಲ್ಲೂ ಒಂದು ಟಕ್ ಟಕ್ ಅನ್ನುವ ಸ್ಟೆಬಿಲೈಸರ್ ಇತ್ತು, ಲ್ಯಾಪ್‌ಟಾಪನ್ನೂ ಅದಕ್ಕೇ ಸಿಕ್ಕಿಸಿದ್ರು. ಅದು ಮಾಡೋದು ಏನು? ವೋಲ್ಟೇಜು ಇಳಿದಾಗ ಟ್ರಾನ್ಸ್‌ಫಾರ್ಮರಿನ ಬೇರೆ ಎಳೆಗೆ ಬದಲಾಯಿಸಿ ಏರಿಸಿ ಕೊಡುತ್ತೆ. ಸರಿ. ಆದರೆ ಹಾಗೆ ಏರಿಸಿ ಕೊಡ್ತಿರುವಾಗಲೇ ಪಂಪುಗಳು ನಿಂತು ಲೈನಿನ ವೋಲ್ಟೇಜು ದಿಢೀರ್ ಅಂತ ಸರಿಯಾಯ್ತು ಅಂದ್ಕೊಳ್ಳಿ. ಒಳಗಿನ ರಿಲೇ ಮತ್ತೆ ಬದಲಾಗುವ ಆ ಕ್ಷಣದವರೆಗೆ, ಬಂದಿದ್ದನ್ನೂ ಏರಿಸಿಯೇ ಕೊಡುತ್ತೆ. ಫ್ರಿಜ್ಜಿಗೆ ಸ್ಟೆಬಿಲೈಸರ್ ಬೇಕು. 100 ವೋಲ್ಟಿನಲ್ಲೂ ನಡೆಯುವ ಅಡಾಪ್ಟರಿಗೆ ಅದು ಬೇಡವೇ ಬೇಡ. ಬೇಕಾಗಿದ್ದು ಕರೆಂಟು ಬಂದ ಮೇಲೆ ಎರಡು ಮೂರು ನಿಮಿಷ ಕಾದು ಆಮೇಲೆ ಒಳಗೆ ಬಿಡುವ ಒಂದು ಸ್ವಿಚ್ಚು. ಅದು ಇಲ್ಲದಿದ್ದರೆ ನೀವೇ ಕಾಯಿರಿ, ಖರ್ಚಿಲ್ಲ.

ಇನ್ನೊಂದು, ಜುಮ್ ಅನ್ನೋದು. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಬರಿಗಾಲಿನಲ್ಲಿ ಸಣ್ಣಗೆ ಜುಮ್ ಅನ್ನುತ್ತೆ ಅಂತ ಅತ್ತೆ ಅದನ್ನ ಮುಟ್ಟೋಕೆ ಹೆದರ್ತಿದ್ರು. ಎರಡು ಪಿನ್ನಿನ ಅಡಾಪ್ಟರಿನ ಒಳಗೆ ರೇಡಿಯೋ ಗದ್ದಲ ತಡೆಯೋಕೆ ಕರೆಂಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ ಒಂದು ಪುಟಾಣಿ ಕೆಪಾಸಿಟರ್ ಇಟ್ಟಿರ್ತಾರೆ, ಅದರ ಸೋರಿಕೆ ಅದು. ಒಳ್ಳೇ ಅಡಾಪ್ಟರಿನಲ್ಲಿ ಅಪಾಯವಿಲ್ಲ. ಮೂರು ಪಿನ್ನಿದ್ದು ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತೆ. ಆದರೆ ನಮ್ಮದು ಜಂಬಿಟ್ಟಿಗೆ ನೆಲ, ಮಾರ್ಚಿನ ಹೊತ್ತಿಗೆ ಒಣಗಿ ಬೆಂಡಾಗಿರುತ್ತೆ. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಒಂದೆರಡು ಕೊಡ ನೀರು ಹೊಯ್ಯಬೇಕು ಅಂತ ಹಿಂದೆ ಲೈನ್‌ಮನ್‌ಗಳು ಹೇಳ್ತಿದ್ರು. ಈಗ ಹೊಯ್ಯುವವರನ್ನ ನಾನು ಕಂಡಿಲ್ಲ.

ಹೊಳೆಯ ಕರೆಂಟಿನದ್ದು ಮತ್ತೊಂದೇ ಅಧ್ಯಾಯ. ಲೈನು ಬರೋದನ್ನು ಕಾದು ಸಾಕಾಗಿ ಘಟ್ಟದ ಅಂಚಿನ ಹಲವರು ತೋಟದ ಹಳ್ಳಕ್ಕೇ ಪೈಪು ಹಾಕಿ ಪುಟ್ಟ ಟರ್ಬೈನು ಕೂರಿಸಿಕೊಂಡ್ರು. ಒಂದು ಕಿಲೋವ್ಯಾಟಿನ ಆಸುಪಾಸು, ಮಳೆಗಾಲದಿಂದ ಹಳ್ಳ ಬತ್ತುವವರೆಗೆ. ಅದರಲ್ಲಿ ಉಳಿಕೆಯಾದ ಕರೆಂಟನ್ನು ಒಂದು ಕಂಟ್ರೋಲರು ಹೀಟರಿಗೆ ಕಳಿಸುತ್ತೆ, ಬಚ್ಚಲಿನ ನೀರು ಪುಕ್ಕಟೆ ಕಾಯುತ್ತೆ. ಕಂಟ್ರೋಲರು ಕೆಟ್ಟರೆ ಮಾತ್ರ ಟರ್ಬೈನು ಕಡಿವಾಣವಿಲ್ಲದ ಕುದುರೆ, ವೋಲ್ಟೇಜು ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ. ಅಂಥ ಮನೆಯಲ್ಲಿದ್ದ ಲ್ಯಾಪ್‌ಟಾಪ್ ಕೊಳ್ಳುವಾಗ ಅಡಾಪ್ಟರನ್ನು ನಂಬಬೇಡಿ.

ಹಾಗಾದ್ರೆ ಪರೀಕ್ಷೆ ಹೇಗೆ? ಮಲ್ಟಿಮೀಟರು ಹಿಡಿದು ಅಡಾಪ್ಟರಿನ ಪಿನ್ನು ಮುಟ್ಟಿದರೆ 19 ವೋಲ್ಟ್ ತೋರಿಸ್ತು ಅಂತ ಎಷ್ಟೋ ಜನ ಅಡಾಪ್ಟರ್ ಸರಿಯಿದೆ ಅಂತ ತೀರ್ಮಾನ ಮಾಡಿ ಲ್ಯಾಪ್‌ಟಾಪು ಬಿಚ್ಚೋಕೆ ಶುರು ಮಾಡ್ತಾರೆ. ಭಾರ ಹೊರಿಸದೆ ಎತ್ತಿನ ಶಕ್ತಿ ಗೊತ್ತಾಗುತ್ತಾ? ಸಾಗರದ ಆ ಹಿರಿಯರು ಮಾಡಿದ್ದು ಸರಳ: ಕಾರಿನ 12 ವೋಲ್ಟ್, 21 ವ್ಯಾಟಿನ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಅಡಾಪ್ಟರಿಗೆ ಕೊಟ್ರು. ಸರಿಯಿದ್ದರೆ ಸುಮಾರು ಒಂದೂವರೆ ಆಂಪ್ ಎಳೆದು ಎರಡೂ ಚೆನ್ನಾಗಿ ಉರೀಬೇಕು. ನಮ್ಮದರಲ್ಲಿ ಬಲ್ಬುಗಳು ಒಮ್ಮೆ ಕೆಂಪಗಾಗಿ ಆರಿ, ಮತ್ತೆ ಕೆಂಪಗಾಗಿ ಆರಿ, ಅಡಾಪ್ಟರಿನ ಒಳಗಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು. ಮೀಟರಿನಲ್ಲಿ ನೋಡಿದರೆ 19 ಇದ್ದದ್ದು 7ಕ್ಕೆ ಕುಸಿದು ಕುಸಿದು ಏಳ್ತಿತ್ತು. ಹಸಿರು ದೀಪ ಮಿಣುಕ್ ಅಂದು ಆರ್ತಿದ್ದದ್ದೂ ಇದಕ್ಕೇ. ಅಂಟು ಹಾಕಿ ಮುಚ್ಚಿದ ಡಬ್ಬಿಯನ್ನು ಒಡೆದಾಗ ಹೊರಹೋಗುವ ಕಡೆಯ ಕೆಪಾಸಿಟರುಗಳ ನೆತ್ತಿ ಉಬ್ಬಿತ್ತು. ಮೂಲೆಯಲ್ಲಿ ಒಣಗಿದ ಇರುವೆಗಳ ರಾಶಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಯಾರಿಗೆ ಬೇಡ! ಅಡಾಪ್ಟರ್ ಬಿಚ್ಚುವವರಿಗೆ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಕೂತಿರಬಹುದು. ಅಭ್ಯಾಸ ಇಲ್ಲದಿದ್ದರೆ ಮುಟ್ಟಲೇಬೇಡಿ, ಹೊಸ ಅಡಾಪ್ಟರ್ ತಗೊಳ್ಳಿ. ವೋಲ್ಟ್ ಒಂದೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಅಂತ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ.

ಅಡಾಪ್ಟರ್ ಬದಲಾಯಿಸಿದರೂ ಯಂತ್ರ ಏಳಲಿಲ್ಲ. ಮುಂದಿನದು ಬ್ಯಾಟರಿ.

ಮಡಿಲಲ್ಲಿಟ್ಟುಕೊಳ್ಳುವ ಕಂಪ್ಯೂಟರಿಗೆ ಬ್ಯಾಟರಿ ಮೊದಲಿಂದಲೂ ಇತ್ತು ಅಂದ್ಕೊಂಡಿದ್ರೆ, ಇಲ್ಲ. 1982ರ ಗ್ರಿಡ್ ಕಂಪಾಸ್, ಈಗಿನ ಹಾಗೆ ಮಡಚುವ ಲ್ಯಾಪ್‌ಟಾಪುಗಳ ಅಜ್ಜ ಅಂತ ಕರೆಸಿಕೊಳ್ಳುವ ಯಂತ್ರ, ಗೋಡೆಯ ಕರೆಂಟಿನಲ್ಲೇ ನಡೀಬೇಕಿತ್ತು. ಬಾಹ್ಯಾಕಾಶಕ್ಕೆ ಹೋಗಿಬಂದ ಆ ಯಂತ್ರ ನಮ್ಮ ಹಳ್ಳಿಗಳಲ್ಲಿ ಸಂಜೆ ಆರರ ಮೇಲೆ ನಡೀತಿರಲಿಲ್ಲ ಬಿಡಿ. ಅದರ ಮಾರನೇ ವರ್ಷ, 1983ರಲ್ಲಿ ಬಂದ ಟಿ.ಆರ್.ಎಸ್-80 ಮಾಡೆಲ್ 100 ಮಾತ್ರ ನಮಗೇ ಹೇಳಿ ಮಾಡಿಸಿದ್ದು. ಅಂಗಡಿಯಲ್ಲಿ ಸಿಗುವ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಇಪ್ಪತ್ತು ಗಂಟೆಯವರೆಗೆ ನಡೀತಿತ್ತು. ನಲವತ್ತು ವರ್ಷದ ಮೇಲೂ ಅವು ಇನ್ನೂ ಏಳ್ತಾವೆ, ಯಾಕಂದ್ರೆ ಸೆಲ್ಲು ಇವತ್ತಿಗೂ ಕಿರಾಣಿ ಅಂಗಡಿಯಲ್ಲಿ ಸಿಗುತ್ತೆ. ವಿಶೇಷ ಬ್ಯಾಟರಿ ಬೇಡುವ ಯಂತ್ರಗಳಿಗೆ ಆ ಭಾಗ್ಯ ಇಲ್ಲ. 1989ರ ಮ್ಯಾಕಿಂಟಾಷ್ ಪೋರ್ಟಬಲ್ ಕತೆ ಕೇಳಿ: ಏಳು ಕೆಜಿ ತೂಕ, ಒಳಗೆ ಸೀಸ-ಆಸಿಡ್ಡಿನ ಬ್ಯಾಟರಿ. ಬ್ಯಾಟರಿ ಸತ್ತರೆ ಅಡಾಪ್ಟರ್ ಸಿಕ್ಕಿಸಿದರೂ ಅದು ಆನ್ ಆಗೋದಿಲ್ಲ! ಹಳೇ ಯಂತ್ರ ಪ್ಲಗ್ಗಿಗೆ ಹಾಕಿಯೂ ಏಳದಿದ್ದರೆ ಬೋರ್ಡು ಹೋಗಿದೆ ಅಂತಲೇ ಅರ್ಥವಲ್ಲ, ಅದಕ್ಕೆ ಇದನ್ನ ಹೇಳಿದೆ.

ಆಮೇಲೆ ನಿಕಲ್-ಕ್ಯಾಡ್ಮಿಯಂ, ನಿಕಲ್ ಮೆಟಲ್ ಹೈಡ್ರೈಡ್. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದ ಮೇಲೆ ಕೆಲವೇ ವರ್ಷದಲ್ಲಿ ಲ್ಯಾಪ್‌ಟಾಪುಗಳು ಅದಕ್ಕೆ ಹೊರಳಿದವು. ಲಿಥಿಯಂ ಹಗುರ, ಆದರೆ ಸಿಟ್ಟಿನ ಜಾತಿ. 2006ರಲ್ಲಿ ಸೋನಿಯ ಸೆಲ್ ಇದ್ದ 41 ಲಕ್ಷ ಬ್ಯಾಟರಿಗಳನ್ನು ಡೆಲ್ ಕಂಪನಿ ವಾಪಸ್ ಕರೆಸಿಕೊಂಡದ್ದು ಕೆಲವರಿಗೆ ನೆನಪಿರಬಹುದು. ಅಟ್ಟದ ಮೇಲೆ ಹತ್ತು ಹದಿನೈದು ವರ್ಷ ಕೂತ ಲಿಥಿಯಂ ಬ್ಯಾಟರಿಯ ಒಳಗಿನ ಸೆಲ್ಲುಗಳು ಸುಮಾರು ಎರಡೂವರೆ ವೋಲ್ಟಿಗಿಂತ ಕೆಳಗೆ ಇಳಿದಿರ್ತವೆ, ಆಗ ಅದರ ಕಾವಲು ಸರ್ಕ್ಯೂಟು ಬಾಗಿಲು ಹಾಕಿಕೊಳ್ಳುತ್ತೆ. ಬಲವಂತವಾಗಿ ಚಾರ್ಜ್ ಮಾಡಿ ಎಬ್ಬಿಸುವ ಉಪಾಯಗಳನ್ನ ಕೆಲವರು ಹೇಳ್ತಾರೆ. ಕೇಳಬೇಡಿ. ಒಳಗೆ ತಾಮ್ರ ಕರಗಿ ಶಾರ್ಟ್ ಆಗಿರಬಹುದು, ಬೆಂಕಿ ಹತ್ತಬಹುದು. ಅಡಿಕೆ ಒಣಗಿಸಿಟ್ಟ ಮನೆಯಲ್ಲಂತೂ ಆ ಸಾಹಸ ಖಂಡಿತ ಬೇಡ. ಬ್ಯಾಟರಿ ಕಳಚಿಡಿ, ಅಡಾಪ್ಟರೂ ತೆಗೆಯಿರಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಒಳಗೆ ಉಳಿದ ಚಾರ್ಜು ಹೋಗಲಿಕ್ಕೆ ಬಿಡಿ, ಆಮೇಲೆ ಬರೀ ಅಡಾಪ್ಟರ್ ಹಾಕಿ ನೋಡಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳ್ತವೆ.

ಬ್ಯಾಟರಿಯ ಮಾತು ಬಂದಾಗ ನೆನಪಾಯ್ತು. ಶರಾವತಿ ಕಣಿವೆಯನ್ನೇ ಈಗ ಒಂದು ಬ್ಯಾಟರಿ ಮಾಡುವ ಪ್ರಸ್ತಾಪ ಇದೆ, ಗೊತ್ತಲ್ಲ. ಕರೆಂಟು ಹೆಚ್ಚಿರುವ ಹೊತ್ತಲ್ಲಿ ಗೇರುಸೊಪ್ಪೆಯಿಂದ ತಲಕಳಲೆಗೆ ನೀರನ್ನು ಮೇಲೆತ್ತೋದು, ಬೇಕಾದಾಗ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ಮಾಡೋದು. ಎತ್ತೋಕೆ ತಗುಲುವ ಕರೆಂಟು ವಾಪಸ್ ಬರುವುದಕ್ಕಿಂತ ಜಾಸ್ತಿ, ಎಲ್ಲ ಬ್ಯಾಟರಿಯ ಹಾಗೆ. ಸಿಂಗಳೀಕಗಳ ಕಾಡಿನ ನಡುವೆ ಆಗಬೇಕಾದ ಕೆಲಸ ಅಂತ ವಿರೋಧವೂ ಜೋರಾಗಿ ನಡೆದಿದೆ. ಮೊದಲೆರಡು ಸಲ ಮುಳುಗಿದವರ ಮೊಮ್ಮಕ್ಕಳೂ ಆ ವಿರೋಧದಲ್ಲಿದ್ರೆ ಆಶ್ಚರ್ಯವೇನಿಲ್ಲ. ಅವರ ಅಜ್ಜಂದಿರಿಗೆ ಕೊಟ್ಟ ಕಾಡಿನ ಜಮೀನಿನ ಹಕ್ಕಿನ ವಿವಾದವೇ ಇನ್ನೂ ಮುಗಿದಿಲ್ಲ.

ಇರ್ಲಿ. ನಮ್ಮ ಯಂತ್ರ ಬ್ಯಾಟರಿ ತೆಗೆದ ಮೇಲೂ ಏಳಲಿಲ್ಲ, ಆದರೆ ದೀಪ ಈಗ ಆರದೆ ನಿಂತಿತು. ಗೋಡೆಯಿಂದ ಒಳಗೆ ಬರ್ತಾ ಬರ್ತಾ ಒಂದೊಂದೇ ಬಾಗಿಲು ದಾಟಿದ ಹಾಗೆ. ಇನ್ನು ಹೊಟ್ಟೆ ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಆ ಕಾಲದ ಲ್ಯಾಪ್‌ಟಾಪುಗಳ ಒಳಗೆ ದೊಡ್ಡ ಬ್ಯಾಟರಿಯಲ್ಲದೆ ಗಡಿಯಾರ ನಡೆಸಲು, ಸ್ಥಿತಿ ನೆನಪಿಟ್ಟುಕೊಳ್ಳಲು ಪುಟ್ಟ ಬ್ಯಾಟರಿ ಒಂದೋ ಎರಡೋ ಇರುತ್ತೆ. ಹಲವದರಲ್ಲಿ ಅದು ನಿಕಲ್ ಜಾತಿಯದ್ದು. ಮಾಲೀಕ ಮರೆತ ಯಂತ್ರದಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಸೋರುತ್ತೆ. ಸೋರಿದ್ದು ಕ್ಷಾರ, ಬೋರ್ಡಿನ ತಾಮ್ರದ ಎಳೆಗಳನ್ನು ತಿಂದು ಹಸಿರು ಪಾಚಿಯ ಹಾಗೆ ಬೆಳೆಯುತ್ತೆ. ಮಲೆನಾಡಿನ ತೇವ ಸೇರಿದರೆ ಇನ್ನೂ ಬೇಗ. ನಮ್ಮದರಲ್ಲಿ ಪವರ್ ಗುಂಡಿಯ ಹತ್ತಿರವೇ ಸೋರಿತ್ತು. ಮಾವ ಒತ್ತಿ ಒತ್ತಿ ನುಣುಪಾದ ಆ ಗುಂಡಿಗೂ ಬೋರ್ಡಿಗೂ ನಡುವಿನ ಒಂದು ಎಳೆ ಕಡಿದುಹೋಗಿತ್ತು, ಅಷ್ಟೇ ರೋಗ. ಬ್ಯಾಟರಿ ಕತ್ತರಿಸಿ ತೆಗೆದು, ಕ್ಷಾರಕ್ಕೆ ಹುಳಿ ಅಂತ ಹತ್ತಿಯಲ್ಲಿ ಒಂದು ಹನಿ ವಿನಿಗರ್ ಅದ್ದಿ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಂದು ದಿನ ಒಣಗಿಸಿದ್ದಾಯ್ತು. ಕೂದಲಿನಂಥ ಒಂದು ತಂತಿಯನ್ನು ಆ ಹಿರಿಯರು ಭೂತಗನ್ನಡಿ ಹಿಡಿದು ಬೆಸೆದ್ರು. ತಗೊಂಡಿದ್ದು ಇನ್ನೂರು ರೂಪಾಯಿ.

ಅತ್ತೆ ಮನೆಗೆ ತಂದು ಜಗಲಿಯ ಪ್ಲಗ್ಗಿಗೆ ಹಾಕುವ ಮೊದಲು ಮೀಟರು ಇಟ್ಟು ನೋಡಿದೆ, 218. ಗುಡುಗಿಲ್ಲ. ಗುಂಡಿ ಒತ್ತಿದೆ. ಗಡಿಯಾರದ ತಾರೀಖು ಕೇಳಿತು, ಕೊಟ್ಟೆ. ವಿಂಡೋಸ್ 98ರ ಮೋಡಗಳು ಬಂದವು. ಡಾಂಗಲ್ ಸಿಕ್ಕಿಸಿ ತಂತ್ರಾಂಶ ತೆರೆದರೆ ಪಟ್ಟಿ ಸರಿಯಾದ ಕನ್ನಡದಲ್ಲಿ, ಒತ್ತು ಸಮೇತ.

ಬ್ಯಾಟರಿ ಇಲ್ಲದ ಯಂತ್ರ, ಕರೆಂಟು ಹೋದರೆ ಅಲ್ಲಿಗೇ ಕತ್ತಲೆ. ಹಾಗಾಗಿ ಮೊದಲು ಪರದೆಯನ್ನೇ ಪುಟಪುಟವಾಗಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ, ಒಟ್ಟು ಹದಿನಾಲ್ಕು. ಹನ್ನೊಂದನೆಯದು ಹೊಡೆಯುವಾಗ ಒಳಗಿಂದ ಅತ್ತೆ "ಕರೆಂಟ್ ಹೋಯ್ದು" ಅಂದ್ರು. ಮುಕ್ಕಾಲು ಗಂಟೆ ಬಿಟ್ಟು ಬಂತು. ಬಂದ ಮೇಲೂ ಮೂರು ನಿಮಿಷ ಕಾದು ಆಮೇಲೆ ಪ್ಲಗ್ ಹಾಕಿ ಉಳಿದದ್ದು ಮುಗಿಸಿದೆ. ಪಟ್ಟಿಯಲ್ಲಿ ನಲವತ್ತೊಂದು ಮನೆ ಇವೆ. ಕೇಳಿಕೊಂಡು ಬಂದವರ ಅಜ್ಜನ ಮನೆ ಇಪ್ಪತ್ತಾರನೆಯದು. 'ಹಿತ್ಲಮನೆ, ಬಾವಿ ಉಂಟು, ತೋಟ ಒಂದೂಕಾಲು ಎಕರೆ, ಸೊರಬದ ಕಡೆಗೆ' ಅಂತ ಬರೆದಿದ್ರು ಮಾವ. ಪರಿವರ್ತಕ ಅದನ್ನು 'ಹಿಲಮನೆ' ಮಾಡಿತ್ತು.

ಈಗ ಒಂದೊಂದೇ ಸಾಲನ್ನು ಫೋಟೋ ನೋಡಿ ಯೂನಿಕೋಡಿನಲ್ಲಿ ಟೈಪ್ ಮಾಡ್ತಿದೀನಿ. ಇಪ್ಪತ್ತೊಂಬತ್ತು ಮನೆ ಮುಗಿದಿವೆ. ನಾಲ್ಕು ಮನೆಗಳ ಮುಂದೆ 'ಎಲ್ಲಿಗೆ ಹೋದರು' ಅನ್ನುವ ಜಾಗ ಮಾವನೇ ಖಾಲಿ ಬಿಟ್ಟಿದಾರೆ. ಮಡೆನೂರು ಕಡೆಯ ಮೂಲದವರು ಯಾರಾದ್ರೂ ಇದನ್ನ ಓದ್ತಾ ಇದ್ದರೆ ತಿಳಿಸಿ, ಆ ನಾಲ್ಕು ಹೆಸರು ಕಳಿಸ್ತೀನಿ.